ರೈಟರ ಲ್ಯಾಪ್‌ಟಾಪಿಗೂ ಒಂದು ಮರಗಸಿ: ಫೈರ್‌ಫಾಕ್ಸಿನ ನಿಂತ ಟ್ಯಾಬ್‌ಗಳ ಜೊತೆ ಒಂದು ಕುಯ್ಲಿನ ಕಾಲ

ನಾನು ಚಿಕ್ಕಮಗಳೂರಿನ ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಹೊರಗಿನವರಿಗೆ ಹೀಗೆಂದರೆ ಕಥೆ ಬರೆಯುವವನು ಅಂದುಕೊಳ್ಳುತ್ತಾರೆ. ನಾನು ಬರೆಯುವುದು ಚೆಕ್‌ರೋಲ್. ಯಾರು ಕೆಲಸಕ್ಕೆ ಬಂದರು, ಯಾರು ಎಷ್ಟು ಕೆಜಿ ಹಣ್ಣು ಕುಯ್ದರು, ಬಟವಾಡೆ ಎಷ್ಟು, ಯಾವ ಬ್ಲಾಕಿಗೆ ಎಷ್ಟು ಚೀಲ ಗೊಬ್ಬರ. 22 ವರ್ಷದಿಂದ ಇದೇ ಕೆಲಸ. ಮೊದಲ ಅರ್ಧ ಪುಸ್ತಕದಲ್ಲಿ ಕಳೆಯಿತು, ಉಳಿದದ್ದು ಲ್ಯಾಪ್‌ಟಾಪಿನಲ್ಲಿ. ಅದು 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್. ಬ್ಯಾಟರಿ ಸತ್ತು ಎರಡು ವರ್ಷ ಆಯಿತು.

ಹೋದ ಅಕ್ಟೋಬರಿನಲ್ಲಿ ಒಂದು ದಿನ ಸಾವ್ಕಾರ್ರು, ಅಂದರೆ ತೋಟದ ಮಾಲೀಕರು, ಪೇಟೆಯಿಂದ ಫೋನ್ ಮಾಡಿದರು. "ರೈಟ್ರೇ, ಇವತ್ತು ರೇಟ್ ಎಷ್ಟಿದೆ ನೋಡಿ ಹೇಳಿ" ಅಂದರು. ನೋಡಿದೆ, ಹೇಳಿದೆ. ಅವರು ಅದನ್ನೇ ವ್ಯಾಪಾರಿಯ ಅಂಗಡಿಯಲ್ಲಿ ಕೂತು ಹೇಳಿದರು. ವ್ಯಾಪಾರಿ ನಕ್ಕು ತನ್ನ ಫೋನ್ ತೋರಿಸಿದನಂತೆ. ಚೀಲಕ್ಕೆ 200 ರೂಪಾಯಿ ವ್ಯತ್ಯಾಸ. ಆಗಿದ್ದು ಇಷ್ಟೆ: ನನ್ನ ಬ್ರೌಸರಿನಲ್ಲಿ ಅದೇ ರೇಟಿನ ಪುಟ ಮೂರು ಸಲ ತೆರೆದಿತ್ತು. ಒಂದು ಅವತ್ತಿನದು, ಒಂದು ಮಂಗಳವಾರದ್ದು, ಇನ್ನೊಂದು ಯಾವ ಕಾಲದ್ದೋ. ನಾನು ಓದಿ ಹೇಳಿದ್ದು ಮಂಗಳವಾರದ್ದನ್ನು.

ಸಾವ್ಕಾರ್ರು ಬಯ್ಯಲಿಲ್ಲ. ಸಾಯಂಕಾಲ ಆಫೀಸಿಗೆ ಬಂದು, ನನ್ನ ಹಿಂದೆ ನಿಂತು, ಸ್ಕ್ರೀನಿನ ಮೇಲ್ಗಡೆ ಬೆರಳು ತೋರಿಸಿ ಕೇಳಿದರು. "ಏನ್ರೀ ಇದು, ಬೆಂಕಿಕಡ್ಡಿ ಜೋಡಿಸಿಟ್ಟ ಹಾಗೆ?" ಬೈದಿದ್ದರೇ ವಾಸಿ ಇತ್ತು.

ಆ ಕಡ್ಡಿಗಳ, ಅಂದರೆ ತೆರೆದಿಟ್ಟ ಟ್ಯಾಬ್‌ಗಳ ಲೆಕ್ಕ ಹೇಳುತ್ತೇನೆ ಕೇಳಿ. ರೋಬಸ್ಟಾ ಕಾಫಿಗೆ ಲಂಡನ್ ಮಾರುಕಟ್ಟೆ, ಅರೇಬಿಕಾ ಕಾಫಿಗೆ ನ್ಯೂಯಾರ್ಕ್. ಎರಡು ಟ್ಯಾಬ್. ಲಂಡನ್ನಿನವರು ಟನ್ನಿಗೆ ಇಷ್ಟು ಡಾಲರ್ ಅನ್ನುತ್ತಾರೆ, ನ್ಯೂಯಾರ್ಕಿನವರು ಪೌಂಡಿಗೆ ಇಷ್ಟು ಸೆಂಟ್ ಅನ್ನುತ್ತಾರೆ, ನಮ್ಮ ವ್ಯಾಪಾರಿ 50 ಕೆಜಿ ಚೀಲಕ್ಕೆ ಇಷ್ಟು ರೂಪಾಯಿ ಅನ್ನುತ್ತಾನೆ. ಹಾಗಾಗಿ ಡಾಲರ್ ರೇಟಿಗೆ ಮೂರನೇ ಟ್ಯಾಬ್. ಪೌಂಡನ್ನು ಕೆಜಿ ಮಾಡಲು ನಾಲ್ಕನೆಯದು. ಒಂದು ಪೌಂಡ್ ಅಂದರೆ 453.6 ಗ್ರಾಂ ಅಂತ ಬಾಯಿಪಾಠವಾಗಿ ವರ್ಷಗಳಾದವು, ಆದರೂ ಆ ಟ್ಯಾಬ್ ಮುಚ್ಚಿರಲಿಲ್ಲ. ಕಾಫಿ ಬೋರ್ಡಿನ ದಿನದ ರೇಟು ಐದನೆಯದು. ಇನ್ನು ಮಳೆ. ತೋಟದಲ್ಲಿ ನಾವು ಮಳೆ ಅಳೆಯುವುದು ಇಂಚು, ಸೆಂಟ್ಸ್‌ನಲ್ಲಿ. ಒಂದು ಇಂಚಿಗೆ ನೂರು ಸೆಂಟ್ಸ್. ವೆಬ್‌ಸೈಟಿನವರು ಮಿಲಿಮೀಟರ್ ಕೊಡುತ್ತಾರೆ. ಒಂದು ಇಂಚಿಗೆ 25.4 ಮಿಲಿಮೀಟರ್ ಅಂತ ಭಾಗಿಸಲು ಮತ್ತೊಂದು ಟ್ಯಾಬ್. ಪಹಣಿ ನೋಡಲು ಸರ್ಕಾರದ ಭೂಮಿ ವೆಬ್‌ಸೈಟು, ಪಿ.ಎಫ್. ಕಟ್ಟಲು ಅದರ ಪೋರ್ಟಲ್, ಬ್ಯಾಂಕು, ವಾಟ್ಸಾಪ್ ವೆಬ್. ಇದೆಲ್ಲ ಸೇರಿದರೂ ಹದಿನೈದು ದಾಟುವುದಿಲ್ಲ, ಅಲ್ವಾ? ಅಕ್ಕನ ಮಗಳು ದೀಪಾವಳಿಗೆ ಬಂದಾಗ ಎಣಿಸಿದಳು. 74.

"ಮಾವ, ಇಷ್ಟೊಂದು ಇಟ್ಕೊಂಡು ನಿಮಗೆ ನಿದ್ದೆ ಹೇಗೆ ಬರುತ್ತೆ?" ಅಂದಳು.

ಬೆಂಗಳೂರಿನಲ್ಲಿ ಓದುವ ಹುಡುಗಿಗೆ ಇದು ಅರ್ಥ ಆಗುವುದು ಕಷ್ಟ. ನಮ್ಮ ಕಡೆ ಜೋರು ಮಳೆ ಬಂದರೆ ಕರೆಂಟ್ ಹೋಗುತ್ತದೆ, ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರ್ ಮಲಗುತ್ತದೆ. ಒಂದು ಪುಟ ತೆರೆಯಲು ಕಾದು ಕಾದು ಸಾಕಾಗಿರುತ್ತದೆ. ಅಷ್ಟು ಕಷ್ಟಪಟ್ಟು ತೆರೆದಿದ್ದನ್ನು ಮುಚ್ಚುವುದೆಂದರೆ ದೂರದಿಂದ ಹೊತ್ತು ತಂದ ಕೊಡದ ನೀರು ಚೆಲ್ಲಿದ ಹಾಗೆ. ಇರಲಿ ಬಿಡು, ನಾಳೆ ಬೇಕಾದೀತು ಅಂತ ಇಡುತ್ತೇವೆ. ನಾಳೆ ಬೇಕಾದಾಗ ಅದು ಎಲ್ಲಿದೆ ಅಂತ ಸಿಗುವುದಿಲ್ಲ. ಇನ್ನೊಂದು ತೆರೆಯುತ್ತೇವೆ. ಮೂರು ರೇಟಿನ ಪುಟ ಹುಟ್ಟಿದ್ದು ಹೀಗೆ.

ಮುಂಚೆ ಏನೂ ಮಾಡಿರಲಿಲ್ಲ ಅಂತಲ್ಲ. ಬುಕ್‌ಮಾರ್ಕ್ ಹಾಕಿದೆ. ಅದು ಅಟ್ಟ ಇದ್ದ ಹಾಗೆ, ಹತ್ತಿ ನೋಡುವವರು ಯಾರು? ಆಮೇಲೆ ಎಲ್ಲ ಟ್ಯಾಬನ್ನೂ ಒಂದೇ ಪಟ್ಟಿ ಮಾಡಿ ಇಡುವ ಒಂದು ಎಕ್ಸ್‌ಟೆನ್ಶನ್ ಹಾಕಿಕೊಂಡೆ. ಹೆಸರು ಬೇಡ. ಚೆನ್ನಾಗಿಯೇ ಇತ್ತು. ಆದರೆ ಪಟ್ಟಿ ಇರುತ್ತಿದ್ದುದು ಅದೇ ಲ್ಯಾಪ್‌ಟಾಪಿನೊಳಗೆ. ರಿಪೇರಿಗೆ ಕೊಟ್ಟಾಗ ಅಂಗಡಿಯವನು ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಿದ. ಎರಡು ವರ್ಷದ ಪಟ್ಟಿ ಗಾಳಿಗೆ ಹೋಯಿತು. ಸತ್ಯ ಹೇಳಬೇಕೆಂದರೆ, ಅದರಲ್ಲಿ ಏನಿತ್ತು ಅಂತ ಇವತ್ತಿನವರೆಗೂ ನೆನಪಾಗಿಲ್ಲ.

ಅಕ್ಕನ ಮಗಳು ಹಬ್ಬದ ಮಾರನೇ ದಿನ ಫೈರ್‌ಫಾಕ್ಸ್ ಅನ್ನುವ ಬ್ರೌಸರ್ ಹಾಕಿ, ಟ್ಯಾಬ್‌ಗಳ ಸಾಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಒಂದು ಆಯ್ಕೆ ಬದಲಿಸಿದಳು. ಮೇಲೆ ಅಡ್ಡಡ್ಡ ಮಲಗಿದ್ದ ಟ್ಯಾಬ್‌ಗಳೆಲ್ಲ ಎಡಗಡೆಗೆ ಬಂದು ಒಂದರ ಕೆಳಗೊಂದು ಸಾಲಾಗಿ ನಿಂತವು. ಸುಮ್ನೆ ಅಷ್ಟೆ. ದುಡ್ಡು ಕೊಡಬೇಕಿಲ್ಲ, ಬೇರೆ ಎಕ್ಸ್‌ಟೆನ್ಶನ್ ಬೇಕಿಲ್ಲ. ಈ ಸೌಲಭ್ಯ ಬಂದದ್ದು 2025ರ ಮಾರ್ಚ್‌ನಲ್ಲಿ, 136ನೇ ಆವೃತ್ತಿಯಲ್ಲಿ. ಮರುತಿಂಗಳು 138ರಲ್ಲಿ ಟ್ಯಾಬ್ ಗುಂಪುಗಳು ಬಂದವು. ಗುಂಪು ಹೊಸ ಐಡಿಯಾ ಏನಲ್ಲ. ಇದೇ ಫೈರ್‌ಫಾಕ್ಸಿನಲ್ಲಿ 2011ರಲ್ಲಿ ಬೇರೆ ರೂಪದಲ್ಲಿ ಇತ್ತು, 2016ರಲ್ಲಿ ತೆಗೆದುಹಾಕಿದ್ದರು, ಈಗ ವಾಪಸ್ ಬಂದಿದೆ. ಇನ್ನೂ ಹಿಂದಕ್ಕೆ ಹೋದರೆ, ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಸೈಬರ್ ಕೆಫೆಗೆ ಹೋಗುತ್ತಿದ್ದ ಕಾಲದಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ ಟ್ಯಾಬ್ ಅನ್ನುವುದೇ ಇರಲಿಲ್ಲ. ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಕೂತವನು ಎಷ್ಟು ಕಿಟಕಿ ತೆರೆದಾನು! ಕೆಲಸ ಮುಗಿಸಿ ಎದ್ದು ಹೋಗುತ್ತಿದ್ದೆವು.

ನಿಂತ ಟ್ಯಾಬಿನಿಂದ ಆದ ದೊಡ್ಡ ಲಾಭ ನನ್ನಂಥವನಿಗೆ ಒಂದೇ. ಹೆಸರು ಕಾಣುತ್ತದೆ. ಮೇಲಿನ ಸಾಲಿನಲ್ಲಿ ಟ್ಯಾಬ್ ಜಾಸ್ತಿ ಆದ ಹಾಗೆ ಹೆಸರು ಸವೆದು ಸವೆದು ಕೊನೆಗೆ ಒಂದು ಪುಟ್ಟ ಚಿತ್ರ ಮಾತ್ರ ಉಳಿಯುತ್ತದೆ. ದೊಡ್ಡ ಕಂಪನಿಗಳ ಸೈಟಿಗೆ ಆ ಚಿತ್ರ ಬೇರೆ ಬೇರೆ ಇರುತ್ತದೆ, ಗುರುತು ಸಿಗುತ್ತದೆ. ನಾನು ದಿನಾ ಬಳಸುವ ಪೋರ್ಟಲ್‌ಗಳಲ್ಲಿ ಎಷ್ಟೋ ಕಡೆ ಚಿತ್ರವೇ ಇಲ್ಲ, ಇದ್ದರೂ ಒಂದೇ ಥರದ ಲಾಂಛನ. ಆರು ಟ್ಯಾಬ್ ಪಕ್ಕಪಕ್ಕ ಕೂತರೆ ಪಹಣಿ ಯಾವುದು, ಪಿ.ಎಫ್. ಯಾವುದು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಒಂದೊಂದನ್ನೇ ಒತ್ತಿ ನೋಡಬೇಕು. ಒತ್ತುವಾಗ ನಡುವೆ ಯಾವುದೋ ವೀಡಿಯೋ ಕಣ್ಣಿಗೆ ಬೀಳುತ್ತದೆ, ಕಾಲು ಗಂಟೆ ಹೋಯಿತು. ಗಮನ ಚೆದುರುವುದು ಅಂತಾರಲ್ಲ, ನನ್ನ ಮಟ್ಟಿಗೆ ಅದು ಶುರುವಾಗುತ್ತಿದ್ದುದೇ ಹೀಗೆ ಹುಡುಕುವಾಗ. ಈಗ ಎಡಗಡೆ ಕಣ್ಣಾಡಿಸಿದರೆ ಸಾಕು. ಕನ್ನಡದ ಹೆಸರೂ ಓದಲು ಸಿಗುತ್ತದೆ. ನಮ್ಮ ಅಕ್ಷರಕ್ಕೆ ಜಾಗ ಸ್ವಲ್ಪ ಜಾಸ್ತಿ ಬೇಕಲ್ಲ, ಮೇಲಿನ ಸಾಲಿನಲ್ಲಿ "ಕರ್ನಾ" ಅನ್ನುವಷ್ಟರಲ್ಲಿ ಮುಗಿದು ಹೋಗುತ್ತಿತ್ತು.

ಇನ್ನು ಗುಂಪು. ಒಂದು ಟ್ಯಾಬನ್ನು ಎಳೆದು ಇನ್ನೊಂದರ ಮೇಲೆ ಬಿಟ್ಟರೆ ಗುಂಪಾಗುತ್ತದೆ. ಹೆಸರು ಕೊಡಬಹುದು, ಬಣ್ಣ ಕೊಡಬಹುದು. ಹೆಸರಿನ ಮೇಲೆ ಒತ್ತಿದರೆ ಮಡಚಿಕೊಳ್ಳುತ್ತದೆ. ನಾನು ಮಾಡಿಕೊಂಡದ್ದು ಐದು: ರೇಟು, ಮಳೆ, ಬಟವಾಡೆ, ಜಮೀನು, ಸಾವ್ಕಾರ್ರು. ಕೊನೆಯದರ ಕಥೆ ಹೇಳಲೇಬೇಕು. ನಮ್ಮ ಸಾವ್ಕಾರ್ರಿಗೆ ರಾತ್ರಿ ಊಟ ಆದ ಮೇಲೆ ಲಿಂಕ್ ಕಳಿಸುವ ಅಭ್ಯಾಸ. ಕಳೆ ಹೊಡೆಯುವ ಮೆಷಿನ್ನು, ಮೆಣಸಿನ ಬಳ್ಳಿಯ ರೋಗ, ಹೊಸ ಥರದ ಪಲ್ಪರ್, ಹಳೇ ಜೀಪು. "ರೈಟ್ರೇ, ಇದೊಂಚೂರು ನೋಡಿ ಇಡಿ." ಮುಂಚೆ ಇವೆಲ್ಲ ಚೆಕ್‌ರೋಲಿನ ಪಕ್ಕವೇ ಕೂತು ನನ್ನನ್ನು ಕರೆಯುತ್ತಿದ್ದವು. ಈಗ ಬಂದ ತಕ್ಷಣ ಆ ಗುಂಪಿಗೆ ತಳ್ಳಿ ಮಡಚುತ್ತೇನೆ. ಭಾನುವಾರ ಬಿಚ್ಚುತ್ತೇನೆ. ಅಷ್ಟೊತ್ತಿಗೆ ಅರ್ಧಕ್ಕರ್ಧ ಅವರೇ ಮರೆತಿರುತ್ತಾರೆ.

ಗುಂಪಿಗೆ ಹೆಸರಿಡಲು ಕೂತಾಗ ಒಂದು ತಮಾಷೆ ಆಯಿತು. 74ರಲ್ಲಿ ಈ ಐದು ಹೆಸರಿನೊಳಗೆ ಸೇರಿದ್ದು 29. ಉಳಿದವಕ್ಕೆ ಏನು ಹೆಸರು? ಮಾರ್ಚ್ ತಿಂಗಳ ಹೂಮಳೆಯ, ಅಂದರೆ ಕಾಫಿ ಹೂ ಅರಳಿಸುವ ಮಳೆಯ, ಮುನ್ಸೂಚನೆ ಅಕ್ಟೋಬರಿನಲ್ಲೂ ತೆರೆದೇ ಇತ್ತು. ಆ ಹೂ ಕಾಯಾಗಿ, ಕಾಯಿ ಹಣ್ಣಾಗುವ ಹೊತ್ತು! ನಾನು ಮುಚ್ಚಲಾರದೆ "ಆಮೇಲೆ" ಅಂತ ಆರನೇ ಗುಂಪು ಮಾಡಲು ಹೋದೆ. ಹುಡುಗಿ ಕೈ ತಡೆದಳು. "ಮಾವ, ಅದೊಂದು ಬೇಡ." ಅವಳು ಊರಿಗೆ ಹೋದ ಮೇಲೆ ಮಾಡಿದೆ. ಡಿಸೆಂಬರಿನಲ್ಲಿ ನೋಡಿದರೆ ಅದರಲ್ಲಿ 31 ಇದ್ದವು. ಒಂದನ್ನೂ ತೆರೆದಿರಲಿಲ್ಲ. ಇದು ಬ್ರೌಸರಿನ ತಪ್ಪಲ್ಲ, ನನ್ನದು. ಆದರೆ ಹಾಕಿಕೊಳ್ಳುವವರಿಗೆ ಮೊದಲೇ ಹೇಳುತ್ತಿದ್ದೇನೆ, ಮಡಚಿಡುವ ಸೌಲಭ್ಯ ಇದ್ದ ಕಡೆ ಅಟ್ಟ ಹುಟ್ಟಿಯೇ ಹುಟ್ಟುತ್ತದೆ.

ನನ್ನ ಹಳೇ ಲ್ಯಾಪ್‌ಟಾಪಿಗೆ ನಿಜವಾಗಿ ಜೀವ ಬಂದದ್ದು ಇನ್ನೊಂದು ಸೌಲಭ್ಯದಿಂದ. ಟ್ಯಾಬಿನ ಮೇಲೆ ಬಲಗುಂಡಿ ಒತ್ತಿದರೆ ಅನ್‌ಲೋಡ್ ಅಂತ ಒಂದು ಆಯ್ಕೆ ಇದೆ. ಇದು 2025ರ ಜೂನ್‌ನಲ್ಲಿ, 140ನೇ ಆವೃತ್ತಿಯಲ್ಲಿ ಬಂದದ್ದು. ಟ್ಯಾಬ್ ಪಟ್ಟಿಯಲ್ಲಿ ಹಾಗೇ ಇರುತ್ತದೆ, ಆದರೆ ಮೆಮೊರಿಯಿಂದ ಇಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ತೋಟದಲ್ಲಿ ಮರಗಸಿ ಮಾಡಿಸುತ್ತೇವಲ್ಲ, ಹಾಗೆ. ನೆರಳಿನ ಮರ ಕಡಿಯುವುದಿಲ್ಲ, ಕೊಂಬೆ ಇಳಿಸುತ್ತೇವೆ, ಕೆಳಗಿನ ಗಿಡಕ್ಕೆ ಬೆಳಕು ಬೀಳುತ್ತದೆ. ಯಾವ ಮರ ಜಾಸ್ತಿ ನೆರಳು ಮಾಡಿದೆ ಅಂತ ನೋಡಲು ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಬೇಕು. ಯಾವ ಟ್ಯಾಬ್ ಎಷ್ಟು ಮೆಮೊರಿ ತಿನ್ನುತ್ತಿದೆ ಅಂತ ಪಟ್ಟಿ ಬರುತ್ತದೆ. ನನ್ನದರಲ್ಲಿ ಲಂಡನ್ ಮಾರುಕಟ್ಟೆಯ ಗೆರೆ ಓಡುವ ಚಾರ್ಟ್ ಯಾವಾಗಲೂ ಮೇಲಿನ ಸಾಲಿನಲ್ಲೇ. ಪಹಣಿಯ ಪುಟ ಪಾಪ, ಎಲ್ಲೋ ಕೆಳಗೆ.

ಆದರೆ ಇಲ್ಲೊಂದು ಮಲೆನಾಡಿನ ತೊಡಕಿದೆ. ಅನ್‌ಲೋಡ್ ಆದ ಟ್ಯಾಬನ್ನು ಮತ್ತೆ ಒತ್ತಿದರೆ ಅದು ಪುನಃ ನೆಟ್‌ನಿಂದ ಪುಟ ತರಬೇಕು. ಟವರ್ ಮಲಗಿದ್ದರೆ ಏನು ತಂದೀತು? ಕೊಡ ಇದೆ, ನೀರಿಲ್ಲ. ಹಾಗಾಗಿ ನೆಟ್ ಇಲ್ಲದಾಗಲೂ ಬೇಕಾಗುವ ಪುಟವನ್ನು ಕಂಟ್ರೋಲ್-ಪಿ ಒತ್ತಿ ಪಿಡಿಎಫ್ ಮಾಡಿ ಫೋಲ್ಡರಿಗೆ ಹಾಕುತ್ತೇನೆ. ಪಹಣಿ, ರಸೀದಿ, ಚಲನ್ ಎಲ್ಲ ಈಗ ಹೀಗೆ. ಇಷ್ಟು ವರ್ಷ ನಾನು ಟ್ಯಾಬನ್ನು ಬೀರು ಥರ ಬಳಸುತ್ತಿದ್ದೆ ಅಂತ ಆಗ ಹೊಳೆಯಿತು. ಅರ್ಧ ತುಂಬಿದ ಅರ್ಜಿ ಇರುವ ಟ್ಯಾಬನ್ನಂತೂ ಅನ್‌ಲೋಡ್ ಮಾಡಲು ಹೋಗಬೇಡಿ. ಲಾಗಿನ್ ಬೇಕಾದ ಸೈಟ್ ಆದರೆ ಮತ್ತೆ ಪಾಸ್‌ವರ್ಡ್, ಮತ್ತೆ ಒಟಿಪಿ, ಮತ್ತೆ ಆ ವಕ್ರ ಅಕ್ಷರಗಳ ಪರೀಕ್ಷೆ ಎದುರಾಗಬಹುದು.

ಕರೆಂಟ್ ವಿಷಯ ಕೇಳುವವರಿಗೆ: ಹಿಂದಿನ ಸಲದ ಟ್ಯಾಬ್‌ಗಳನ್ನೇ ತೆರೆ ಅನ್ನುವ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ಆನ್ ಮಾಡಿ ಇಡಿ. ಈ ನಾಲ್ಕು ತಿಂಗಳಲ್ಲಿ ಕೆಲಸದ ನಡುವೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ದಪ್ಪನೆ ಆರಿದ್ದು ಲೆಕ್ಕವಿಲ್ಲ. ಗುಂಪು, ಬಣ್ಣ, ಹೆಸರು ಎಲ್ಲ ಇದ್ದ ಹಾಗೇ ವಾಪಸ್ ಬಂದಿವೆ. ಬಂದಾಗ ಎಲ್ಲ ಟ್ಯಾಬೂ ಒಟ್ಟಿಗೆ ನೆಟ್ ಎಳೆಯುವುದಿಲ್ಲ. ನಾವು ಯಾವುದನ್ನು ಒತ್ತುತ್ತೇವೋ ಅದು ಮಾತ್ರ ತೆರೆಯುತ್ತದೆ. ನಮ್ಮ ನೆಟ್ ಸ್ಪೀಡಿಗೆ ಇದು ದೊಡ್ಡ ಉಪಕಾರ.

ಮೂರು ರೇಟಿನ ಪುಟದ ರೋಗಕ್ಕೂ ಔಷಧಿ ಇದೆ. ಮೇಲೆ ವಿಳಾಸ ಬರೆಯುವ ಕಡೆ ಆಗಲೇ ತೆರೆದಿರುವ ಸೈಟಿನ ಹೆಸರು ಟೈಪ್ ಮಾಡಿದರೆ, ಇದು ತೆರೆದಿದೆ, ಅಲ್ಲಿಗೇ ಹೋಗು ಅಂತ ತೋರಿಸುತ್ತದೆ. % ಗುರುತು ಹಾಕಿ ಒಂದು ಜಾಗ ಬಿಟ್ಟು ಟೈಪ್ ಮಾಡಿದರೆ ತೆರೆದ ಟ್ಯಾಬ್‌ಗಳಲ್ಲಿ ಮಾತ್ರ ಹುಡುಕುತ್ತದೆ. ಒಂದೇ ಪುಟ ಎರಡೆರಡು ಸಲ ಇದ್ದರೆ ಹೆಚ್ಚಿನದನ್ನು ಮುಚ್ಚುವ ಆಯ್ಕೆ ಬಲಗುಂಡಿಯಲ್ಲಿದೆ. ಕೈತಪ್ಪಿ ಮುಚ್ಚಿದರೆ ಕಂಟ್ರೋಲ್-ಶಿಫ್ಟ್-ಟಿ. ಇದು ಬೇರೆ ಬ್ರೌಸರಿನಲ್ಲೂ ಇದೆ, ನನಗೆ ಮಾತ್ರ ಈ ವಯಸ್ಸಿಗೆ ಗೊತ್ತಾಯಿತು. ಮುಚ್ಚಿದ್ದು ಹೀಗೆ ವಾಪಸ್ ಬರುತ್ತದೆ ಅಂತ ತಿಳಿದ ಮೇಲೆ ಮುಚ್ಚುವ ಭಯ ಅರ್ಧ ಹೋಯಿತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಯಾಕೆ ಕಳೆದೆ ಅಂದರೆ, ಸಣ್ಣ ಸ್ಕ್ರೀನಿನಲ್ಲಿ ಎಡಗಡೆಯ ಪಟ್ಟಿ ಜಾಗ ತಿನ್ನುತ್ತದೆ. ಚೆಕ್‌ರೋಲಿನ ಶೀಟ್ ತೆರೆದರೆ ತಿಂಗಳ ಕೊನೆಯ ದಿನಗಳ ಕಾಲಂ ಬಲಗಡೆ ಮರೆಯಾಗುತ್ತದೆ. ಪಟ್ಟಿಯನ್ನು ಕುಗ್ಗಿಸಬಹುದು. ಆದರೆ ಕುಗ್ಗಿಸಿದರೆ ಹೆಸರು ಹೋಗಿ ಮತ್ತೆ ಚಿತ್ರ ಮಾತ್ರ. ಹೆಸರಿಗೋಸ್ಕರ ತಾನೆ ಇಲ್ಲಿಗೆ ಬಂದದ್ದು! ನಾನು ಅಗಲವನ್ನು ಸ್ವಲ್ಪ ಕಮ್ಮಿ ಮಾಡಿಕೊಂಡು, ಶೀಟನ್ನು 90 ಪರ್ಸೆಂಟಿಗೆ ಇಳಿಸಿ, ಕನ್ನಡಕ ಹಾಕಿಕೊಂಡು ಕೂರುತ್ತೇನೆ. ಇನ್ನೊಂದು, ನನ್ನ ಟಚ್‌ಪ್ಯಾಡ್ ಸವೆದಿದೆ. ಟ್ಯಾಬನ್ನು ಮೇಲೆ ಕೆಳಗೆ ಸರಿಸುವಾಗ ಕೈ ಸ್ವಲ್ಪ ನಿಂತರೆ ಬೇಡದ ಗುಂಪು ಹುಟ್ಟುತ್ತದೆ. 300 ರೂಪಾಯಿಯ ಮೌಸ್ ತಂದ ಮೇಲೆ ಅದು ನಿಂತಿತು.

ಇದಕ್ಕಾಗಿಯೇ ಬ್ರೌಸರ್ ಬದಲಿಸಿ ಅಂತ ನಾನು ಹೇಳುವುದಿಲ್ಲ. ಕ್ರೋಮಿನಲ್ಲಿ 2020ರಿಂದಲೇ ಗುಂಪು ಇದೆ, ಕಂಟ್ರೋಲ್-ಶಿಫ್ಟ್-ಎ ಒತ್ತಿದರೆ ತೆರೆದ ಟ್ಯಾಬ್ ಹುಡುಕಬಹುದು. ಎಡ್ಜಿನಲ್ಲಿ 2021ರಿಂದ ನಿಂತ ಟ್ಯಾಬ್ ಇದೆ, ಸಾವ್ಕಾರ್ರ ಮಗ ಅದನ್ನೇ ಬಳಸುತ್ತಾನೆ. ಇನ್ನು ಸಾವ್ಕಾರ್ರ ಫೋನಿನ ಕ್ರೋಮಿನಲ್ಲಿ ಟ್ಯಾಬಿನ ಸಂಖ್ಯೆ ಇರಬೇಕಾದ ಚೌಕದೊಳಗೆ ಒಂದು ನಗುಮುಖ ಇದೆ. 99 ದಾಟಿದರೆ ಆಂಡ್ರಾಯ್ಡಿನಲ್ಲಿ ಹಾಗೆ ಬರುತ್ತದೆ. ಅದು ಯಾಕೆ ನಗುತ್ತಿದೆ ಅಂತ ಅವರು ಇನ್ನೂ ಕೇಳಿಲ್ಲ. ಬೆಂಕಿಕಡ್ಡಿಯ ಮಾತು ನೆನಪಿದ್ದರೂ ನಾನಾಗಿ ಹೇಳಿಲ್ಲ.

ಗಮನದ ವಿಷಯಕ್ಕೆ ಬಂದರೆ, ವ್ಯತ್ಯಾಸ ಕಂಡದ್ದು ಬಟವಾಡೆ ದಿನ. ಕುಯ್ಲಿನ ಕಾಲದಲ್ಲಿ ಹಣ್ಣಿನ ತೂಕದ ಲೆಕ್ಕವೂ ಸೇರುತ್ತದೆ. ಮೇಸ್ತ್ರಿಯ ಪುಸ್ತಕದಲ್ಲಿ ಒಂದು ಅಂಕಿ, ನನ್ನ ಶೀಟಿನಲ್ಲಿ ಇನ್ನೊಂದು ಇದ್ದರೆ ಲೈನ್ ಮನೆಗಳಲ್ಲಿರುವ ಕೆಲಸದ ಹೆಂಗಸರು ಕಿಟಕಿ ಹತ್ತಿರ ಬಂದು ನಿಲ್ಲುತ್ತಾರೆ. "ರೈಟ್ರೇ, ಬುಧವಾರ ನಂದು ಎಪ್ಪತ್ತು ಕೆಜಿ, ನೀವು ಅರವತ್ತು ಹಾಕೀರಿ." ಅವರ ಲೆಕ್ಕ ತಪ್ಪುವುದು ಕಮ್ಮಿ. ಮುಂಚೆ ನಾನು ಅಂಕಿ ಹಾಕುತ್ತಾ ನಡುವೆ ಚಾರ್ಟ್ ಇಣುಕುತ್ತಿದ್ದೆ, ವಾಪಸ್ ಬರುವಾಗ ಸಾಲು ತಪ್ಪುತ್ತಿತ್ತು. ಈ ಸಲ ಶನಿವಾರ ಬೆಳಿಗ್ಗೆ ಉಳಿದ ಗುಂಪೆಲ್ಲ ಮಡಚಿ, ಬಟವಾಡೆ ಒಂದನ್ನೇ ಬಿಚ್ಚಿ ಕೂರುತ್ತಿದ್ದೆ. ಶೀಟು, ಬ್ಯಾಂಕು, ಪಿ.ಎಫ್. ಮೂರೇ. ಪಿ.ಎಫ್. ಪ್ರತಿ ತಿಂಗಳು 15ರೊಳಗೆ ಕಟ್ಟಬೇಕು, ಆ ಟ್ಯಾಬಿಗೆ ಅದೇ ಗುಂಪಿನಲ್ಲಿ ಕಾಯಂ ಜಾಗ. ಇಡೀ ಜನವರಿಯಲ್ಲಿ ಕಿಟಕಿಗೆ ದೂರು ಬಂದದ್ದು ಒಂದೇ ಸಲ. ಅದೂ ಮೇಸ್ತ್ರಿಯ ಏಳು ಒಂದರ ಥರ ಇದ್ದದ್ದರಿಂದ. "ಆಮೇಲೆ" ಗುಂಪನ್ನು ಸಂಕ್ರಾಂತಿಯ ದಿನ ನೋಡದೇ ಮುಚ್ಚಿದೆ. ಇದುವರೆಗೆ ಅದರೊಳಗಿನದು ಯಾವುದೂ ಬೇಕಾಗಿಲ್ಲ.

ಇದನ್ನು ಬರೆಯುವಾಗ ರೋಬಸ್ಟಾ ಕುಯ್ಲು ಮುಗಿದಿದೆ, ಹೂಮಳೆಗೆ ಕಾಯುತ್ತಿದ್ದೇವೆ. ಎಡಗಡೆ ಎಣಿಸಿದರೆ 19 ಟ್ಯಾಬ್. ರೇಟಿನ ಪುಟ ಒಂದೇ ಒಂದು, ಅದನ್ನು ಎಲ್ಲಕ್ಕಿಂತ ಮೇಲೆ ಪಿನ್ ಮಾಡಿದ್ದೇನೆ. ಪಿನ್ ಮಾಡಿದರೂ ಹಳೇ ರೇಟು ಹಳೇದೇ, ಎಫ್5 ಒತ್ತಿ ಅದನ್ನು ತಾಜಾ ಮಾಡುವ ಕೆಲಸ ನಮ್ಮದೇ. ಲಂಡನ್ ಮಾರುಕಟ್ಟೆ ಈಗ ನಮ್ಮ ಗಡಿಯಾರಕ್ಕೆ ಮಧ್ಯಾಹ್ನ 2.30ಕ್ಕೆ ತೆರೆಯುತ್ತದೆ. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರ ತಿರುಗಿಸಿದ ಮೇಲೆ 1.30ಕ್ಕೆ. ಆಗ ಸಾವ್ಕಾರ್ರ ಫೋನ್ ನನ್ನ ಊಟದ ಹೊತ್ತಿಗೇ ಬರುತ್ತದೆ.

ನಿನ್ನೆಯೂ ಬಂತು. "ರೈಟ್ರೇ, ರೇಟು?"

"ಒಂದ್ನಿಮಿಷ ಸಾವ್ಕಾರ್ರೇ, ಎಫ್5 ಒತ್ತಿದೀನಿ. ಇನ್ನೂ ಸುತ್ತುತ್ತಾ ಇದೆ."